ಎತ್ತಿನ ಪಕ್ಷದ ಮೇಷ್ಟ್ರು

ಮದುವೆಮನೆಯ ಪಂಕ್ತಿಯಲ್ಲಿ ಎಲ್ಲರೂ ಫ್ಯಾನು ಎಲ್ಲಿದೆ ಎಂದು ನೋಡಿದರೆ ನಮ್ಮ ಮೇಷ್ಟ್ರು ಅಡುಗೆಮನೆ ಬಾಗಿಲು ಎಲ್ಲಿದೆ ಎಂದು ನೋಡುತ್ತಾರೆ. "ಸರಬರಾಜಿಗೆ ಹತ್ತಿರ ಇರಬೇಕು ಕಣಯ್ಯಾ. ಆ ತುದೀಲಿ ಕೂತೋನಿಗೆ ಹೋಳಿಗೆ ಬರೋ ಹೊತ್ತಿಗೆ ತುಪ್ಪ ಖಾಲಿ." ಮೈಸೂರಿನ ಹೈಸ್ಕೂಲೊಂದರಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಪಿಂಚಣಿ ಶುರುವಾದ ಮೇಲೆ ಮಕ್ಕಳಿಗಾಗಿ ಯುದ್ಧದ ಪುಸ್ತಕ ಬರೆಯಲು ಕೂತರು, ಇನ್ನೂ ಎದ್ದಿಲ್ಲ.

ಅವರ ಮನೆಯ ಊಟದ ಮೇಜಿನ ಮೇಲೆ ಶ್ರೀರಂಗಪಟ್ಟಣಕ್ಕೆ ಹಾಕಿದ ಮುತ್ತಿಗೆ ಹಾಗೇ ಇದೆ. ಉಪ್ಪಿನಕಾಯಿ ಜಾಡಿಯೇ ಕೋಟೆ. ಸುತ್ತ ಎಳೆದ ನೀಲಿ ಉಲ್ಲನ್ ದಾರ ಕಾವೇರಿ. ಹುಣಸೆ ಬೀಜಗಳು ಕಂಪನಿಯ ಸಿಪಾಯಿಗಳು, ಅವರೆಕಾಳು ಮೈಸೂರಿನ ಕಡೆಯವರು. ಹೋದ ಸಂಕ್ರಾಂತಿಗೆ ಮೈಸೂರಿನ ಅರ್ಧ ಅಶ್ವದಳ ಹುಳಿಗೆ ಬಿತ್ತು. "ಇದು ಯಾವ ಚರಿತ್ರೆಯಲ್ಲೂ ಇಲ್ಲ ಕಣೇ!" ಎಂದು ಮೇಷ್ಟ್ರು ಕೂಗಾಡಿದರು. "ಉಪ್ಪು ಸಾಕಾ ನೋಡ್ರೀ" ಎಂದರು ಅವರ ಮನೆಯವರು. ಸಾಕಾಗಿತ್ತಂತೆ.

ಪ್ರಕಾಶಕರದು ಬೇರೆಯದೇ ಕಾಟ. ಆನೆ ಇರಲೇಬೇಕು, ಒಂದು ಪುಟಕ್ಕೆ ಒಂದಕ್ಕಿಂತ ಹೆಚ್ಚು ಹೆಣ ಬೀಳಕೂಡದು. ಸೈನ್ಯಗಳೆರಡೂ ಸೇರಿ ಇಷ್ಟು ಹುಷಾರಾಗಿ ಕಾದಾಡಿದ್ದು ಈ ಪುಸ್ತಕಗಳಲ್ಲೇ ಇರಬೇಕು. ಇನ್ನು ಚಿತ್ರಕಾರ, 1824ರ ಕಿತ್ತೂರಿನ ಬಂಟನ ಕೈಗೆ ಗಡಿಯಾರ ಕಟ್ಟಿಬಿಟ್ಟ. ಕರಡು ತಿದ್ದಿದ ದೊಡ್ಡವರಿಗೆ ಕಾಣದ್ದು ಐದನೇ ಕ್ಲಾಸಿನ ಪಿಳ್ಳೆಯೊಂದಕ್ಕೆ ಕಂಡಿತು. "ಟೈಮೆಷ್ಟು ಸಾರ್ ಅದರಲ್ಲಿ?"

ಶಾಲೆಗಳಿಗೆ ಹೋಗುವಾಗ ಗೇಣುದ್ದದ ಕಬ್ಬಿಣದ ಕೊಳವೆಯನ್ನು ಚೀಲದಲ್ಲಿ ಇಟ್ಟುಕೊಂಡಿರುತ್ತಾರೆ. ಟಿಪ್ಪುವಿನ ರಾಕೆಟ್ಟಿನ ಮಾದರಿ, ಪ್ಲಂಬರ್ ಕೈಲಿ ಕತ್ತರಿಸಿಕೊಂಡದ್ದು. ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ 2018ರಲ್ಲಿ ಇಂಥವು ಸಾವಿರಕ್ಕೂ ಹೆಚ್ಚು ಸಿಕ್ಕವು, ಇದನ್ನೇ ನೋಡಿ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟು ಮಾಡಿದ ಎಂದು ಮೇಷ್ಟ್ರು ಉಬ್ಬಿ ಹೇಳುತ್ತಿದ್ದರೆ, ಹಿಂದಿನ ಬೆಂಚಿನಿಂದ "ದೀಪಾವಳೀಲಿ ಹೊಡೀಬಹುದಾ ಸಾರ್?" ಎಂದು ಬರುತ್ತದೆ. ಒಮ್ಮೆ ಓಬವ್ವನ ಕಥೆ ಹೇಳಿದರು. ಕಾವಲುಗಾರ ಗಂಡ ಊಟಕ್ಕೆ ಬಂದ, ಆಕೆ ನೀರು ತರಲು ಹೋದಳು, ಕಿಂಡಿಯಲ್ಲಿ ನುಸುಳುತ್ತಿದ್ದವರನ್ನು ಒನಕೆಯಿಂದ ಒಬ್ಬೊಬ್ಬರನ್ನಾಗಿ ಬಡಿದಳು. ಕ್ಲಾಸೆಲ್ಲ ಚಪ್ಪಾಳೆ. ಒಬ್ಬಳು ಹುಡುಗಿ ಮಾತ್ರ ಕೈಯೆತ್ತಿ, "ಆಮೇಲೆ ಅವರು ಊಟ ಮುಗಿಸಿದರಾ ಸಾರ್?"

ಮೇಷ್ಟ್ರು ಅವಳಿಗೆ ತಮ್ಮ ಪುಸ್ತಕ ಪುಕ್ಕಟೆ ಕೊಟ್ಟರು. ಅವರ ಜೀವಮಾನದ ಸಿದ್ಧಾಂತವೇ ಅದು: ದಂಡು ನಡೆಯುವುದು ಹೊಟ್ಟೆಯ ಮೇಲೆ, ಹೊಟ್ಟೆಯ ಸಾಮಾನು ನಡೆಯುವುದು ಎತ್ತಿನ ಮೇಲೆ. 1791ರ ಮೇ ತಿಂಗಳಲ್ಲಿ ಕಂಪನಿಯ ದಂಡಿನ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಗೆದ್ದ. ಶ್ರೀರಂಗಪಟ್ಟಣ ಕೂಗಳತೆಯಲ್ಲಿತ್ತು. ಆದರೆ ಎತ್ತುಗಳು ರೋಗ ಬಂದು, ಮೇವಿಲ್ಲದೆ ಸಾಲುಸಾಲಾಗಿ ಸತ್ತಿದ್ದವು, ಅಕ್ಕಿ ಮುಗಿದಿತ್ತು. ದೊಡ್ಡ ತೋಪುಗಳನ್ನು ಎಳೆಯುವವರಿಲ್ಲದೆ ತಾನೇ ಅವನ್ನು ಹಾಳುಮಾಡಿ ಹಿಂದಿರುಗಿದ. ಮರುವರ್ಷ ಬಂಜಾರರ ಎತ್ತುಗಳ ಮೇಲೆ ದವಸ ಹೇರಿಸಿಕೊಂಡೇ ಬಂದ. "ಮೈಸೂರಿನ ಕಡೆ ಅಮೃತಮಹಲ್ ಎತ್ತಿತ್ತು. ಅದಕ್ಕೊಂದು ಪ್ರತಿಮೆ ಎಲ್ಲಾದರೂ ಇದೆಯೇನಯ್ಯಾ?" ಎಂದು ನನ್ನನ್ನು ಗದರುತ್ತಾರೆ, ನಾನೇ ಕಾರ್ಪೊರೇಷನ್ ಕಮಿಷನರ್ ಎಂಬಂತೆ.

ಈ ಸಲದ ಮುಖಪುಟಕ್ಕೆ ಎತ್ತೇ ಬೇಕೆಂದು ಹಟ ಹಿಡಿದರು. "ಕೃಷಿ ಇಲಾಖೆ ಪುಸ್ತಕ ಅಂದ್ಕೋತಾರೆ ಮೇಷ್ಟ್ರೇ" ಎಂದು ಪ್ರಕಾಶಕರು ಕೈಮುಗಿದರು. ವಾರಗಟ್ಟಲೆ ಸಂಧಾನ ನಡೆದು ಕಡೆಗೂ ರಾಜಿಯಾಯಿತು. ನಡುವೆ ಕುದುರೆಯ ಮೇಲೆ ಕತ್ತಿ ಹಿರಿದ ಸುಲ್ತಾನ, ಬಲಗಡೆಯ ಮೂಲೆಯಲ್ಲಿ ಒಂದು ಕೊಂಬು. ಪುಸ್ತಕ ಮೇಳದಲ್ಲಿ ರಿಯಾಯಿತಿ ಚೀಟಿ ಅಂಟಿಸಲು ಮಳಿಗೆಯವರಿಗೆ ಸಿಕ್ಕಿದ್ದೂ ಆ ಮೂಲೆಯೇ. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಉಗುರಿನಲ್ಲಿ ಒಂದೊಂದೇ ಚೀಟಿ ಎಬ್ಬಿಸುತ್ತಿದ್ದಾರೆ. ಮಳಿಗೆಯ ಹುಡುಗ ಹಿಂದಿನಿಂದಲೇ ಹೊಸದು ಅಂಟಿಸಿಕೊಂಡು ಬರುತ್ತಿದ್ದಾನೆ.