ಗವಸಿನ ಮಾತು ಮೊದಲು ಬರಲಿ

“ಈ ಕಾಗದ ಓದಿ ಹೇಳು ತಮ್ಮಾ, ನನಗ ಅಕ್ಷರ ಇರಿವಿ ಹರದಂಗ ಕಾಣ್ಲತ್ತಾವ.”

ಬೇಲಿಯ ಆಚೆಯಿಂದ ಕಾಕಾ ಚಾಚಿದ್ದು ತೊಗರಿಗೆ ಹೊಡೆಯುವ ಎಣ್ಣೆಯ ಜೊತೆ ಬಂದ ಕಾಗದ. ಡಬ್ಬಿಯ ಮೇಲೆ ಹಳದಿ ತ್ರಿಕೋನ. ಕೆಂಪಾದರೆ ಕಡುವಿಷ, ಅದರ ಕೆಳಗೆ ಹಳದಿ, ಆಮೇಲೆ ನೀಲಿ, ಹಸಿರು. 1971ರ ಕೀಟನಾಶಕ ನಿಯಮಗಳು ಇಟ್ಟ ಗುರುತು. ಹಿಂದಿ, ಇಂಗ್ಲಿಷಿನ ಜೊತೆಗೆ ಮಾರುವ ಸೀಮೆಯ ಒಂದೆರಡು ಭಾಷೆ ಇರಲೇಬೇಕೆಂಬುದೂ ಅದೇ ನಿಯಮ. ಕನ್ನಡ ಇತ್ತು. ಆದರೆ ಅಳತೆ, ಬೆರಕೆ, ಗಾಳಿಯ ದಿಕ್ಕು ಮೂರೂ ಒಂದೇ ವಾಕ್ಯದಲ್ಲಿ. ಕೈಗವಸು ಹಾಕಿಕೊಳ್ಳಿ ಎಂಬ ಮಾತು ಬರುವುದು ಎಣ್ಣೆ ಬೆರೆಸಿಯಾದ ಮೇಲೆ.

“ಬೆರಸೋವಾಗೇ ಕೈಗಿ ಹತ್ತಿರ್ತದ. ಆಮ್ಯಾಲ ಗವಸ ಹಾಕಿ ಏನ್ ಮಾಡ್ಬೇಕು?” ಎಂದರು ಕಾಕಾ.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಬೆಂಗಳೂರಿನಲ್ಲಿ ಯಂತ್ರಗಳ ಕೈಪಿಡಿ ಬರೆಯುವುದೇ ನನ್ನ ಉದ್ಯೋಗ. ನಾವು ಬಳಸುವ ಪದ್ಧತಿಯ ಹೆಸರು ಡಿಟಾ. ಐಬಿಎಂ 2001ರಲ್ಲಿ ಹೊರತಂದದ್ದು. 2005ರಲ್ಲಿ ಓಯಸಿಸ್ ಸಂಸ್ಥೆಯ ಮಾನಕವಾಯಿತು. ಎಕ್ಸ್‌ಎಂಎಲ್‌ನಲ್ಲಿ ಬರವಣಿಗೆ. ಕೆಲಸ ಹೇಳಿಕೊಡುವ ತುಣುಕಿಗೆ ಟಾಸ್ಕ್ ಅನ್ನುತ್ತೇವೆ. ಅದರಲ್ಲಿ ಏನೇನು ಸಿದ್ಧವಿರಬೇಕು ಎಂಬುದಕ್ಕೆ ಮೊದಲ ಜಾಗ, ಆಮೇಲೆ ಹೆಜ್ಜೆಗಳು, ಹೆಜ್ಜೆಗೊಂದೇ ಕೆಲಸ. ಸಿದ್ಧತೆಯ ಜಾಗವನ್ನು ಹೆಜ್ಜೆಗಳ ಕೆಳಗೆ ತಂದಿಟ್ಟರೆ ಕಂಪ್ಯೂಟರ್ ಒಪ್ಪುವುದಿಲ್ಲ. ಗವಸಿನ ಮಾತನ್ನು ಒಂದೇ ಕಡೆ ಬರೆದಿಟ್ಟಿರುತ್ತೇವೆ. ಎಣ್ಣೆ ಹೊಡೆಯುವ 16 ಲೀಟರಿನ ಬ್ಯಾಟರಿ ಪಂಪಿನ ಪುಸ್ತಕವಾಗಲಿ, ಕೈಪಂಪಿನದಾಗಲಿ ಅಲ್ಲಿಂದಲೇ ಎಳೆದುಕೊಳ್ಳುತ್ತದೆ. ಅಲ್ಲಿ ತಿದ್ದಿದರೆ ಮುಂದೆ ಅಚ್ಚಿಗೆ ಹೋಗುವ ಎಲ್ಲದರಲ್ಲೂ ತಿದ್ದಿದಂತೆ.

“ಹಂಗಾದ್ರ ಪುಸ್ತಕ ಎಲ್ಲಿರ್ತದ?”

“ಪುಸ್ತಕ ಅಂತ ಇರೋದೇ ಇಲ್ರಿ ಕಾಕಾ. ತುಣುಕು ಇರ್ತಾವ, ಯಾವುದರ ಹಿಂದ ಯಾವುದು ಅನ್ನೋ ಪಟ್ಟಿ ಇರ್ತದ. ಅದಕ್ಕ ಮ್ಯಾಪ್ ಅಂತೀವಿ.”

“ಶೂನ್ಯಸಂಪಾದನೆ ಹಂಗ ಅನ್ನು.”

ಬೀದರದ ಪಕ್ಕದ ನಮ್ಮ ಅಷ್ಟೂರಿನವರಿಗೆ ಶೂನ್ಯಸಂಪಾದನೆಯ ಅಲ್ಲಮ ದೂರದವನಲ್ಲ. ಊರಿನ ಗುಂಬಜದಲ್ಲಿರುವ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಗೇ ಇಲ್ಲಿನ ಲಿಂಗಾಯತರು ಅಲ್ಲಮಪ್ರಭುವೆಂದು ನಡೆದುಕೊಳ್ಳುತ್ತಾರೆ. ಉರುಸಿಗೆ ಜಂಗಮರು ಬರುತ್ತಾರೆ. ಕಾಕಾನ ಮಾತು ಹಗುರಾದದ್ದಲ್ಲ. ಹನ್ನೆರಡನೆಯ ಶತಮಾನದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂವಾದವಾಗಿ ಪೋಣಿಸಿದ. ಅವನ ಹಿಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ತಂತಮ್ಮ ಬಗೆಯಲ್ಲಿ ಮತ್ತೆ ಪೋಣಿಸಿದರು. ವಚನ ಎಲ್ಲಿ ಹೋಗಿ ಕೂತರೂ ಯಾರದೆಂದು ಅಂಕಿತವೇ ಹೇಳುತ್ತದೆ. ಆದರೆ ಪೋಣಿಸಿದವರಿಗೊಂದು ಅನುಕೂಲವಿತ್ತು: ಎರಡು ವಚನಗಳ ನಡುವೆ ತಮ್ಮ ಮಾತು ಸೇರಿಸಿ ಬೆಸೆಯಬಹುದಿತ್ತು. ನಮ್ಮ ತುಣುಕಿನಲ್ಲಿ ‘ಮೇಲೆ ಹೇಳಿದಂತೆ’ ಎಂದು ಬರೆಯುವಂತಿಲ್ಲ. ಬೇರೆ ಪುಸ್ತಕದಲ್ಲಿ ಅದರ ಮೇಲೆ ಏನಿರುತ್ತದೋ ಯಾರಿಗೆ ಗೊತ್ತು! ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಈ ರೂಢಿ ಬಿಡಿಸುವುದೇ ಕಷ್ಟ.

ನನ್ನ ಆಸೆ ಇಷ್ಟು. ಒಂದೇ ರಾಸಾಯನಿಕ ಬೇರೆ ಬೇರೆ ಕಂಪನಿಗಳ ಬೇರೆ ಬೇರೆ ಹೆಸರಿನಲ್ಲಿ ಬೀದರ, ಭಾಲ್ಕಿ, ಔರಾದದ ಅಂಗಡಿಗಳಿಗೆ ಬರುತ್ತದೆ. ವಿಷವೇರಿದಾಗ ಕಾಣುವ ಲಕ್ಷಣ, ಮೊದಲು ಮಾಡಬೇಕಾದ ಉಪಚಾರ ಬಹುಮಟ್ಟಿಗೆ ಎಲ್ಲಕ್ಕೂ ಅದೇ. ಆ ಭಾಗವನ್ನು ರೈತನಿಗೆ ತಿಳಿಯುವ ಕನ್ನಡದಲ್ಲಿ ಒಮ್ಮೆ ಬರೆಸಿ ಸರಕಾರವೇ ಇಟ್ಟುಕೊಳ್ಳಲಿ, ಕಂಪನಿಗಳು ಅಲ್ಲಿಂದ ಎತ್ತಿಕೊಳ್ಳಲಿ. ಬದಲಾದ ತುಣುಕನ್ನಷ್ಟೇ ಮತ್ತೆ ಕನ್ನಡಕ್ಕೆ ತಂದರೆ ಸಾಕಾಗುವಾಗ ಖರ್ಚಿನ ನೆಪವೂ ಉಳಿಯುವುದಿಲ್ಲ.

ಕಾಕಾ ಅಷ್ಟಕ್ಕೆ ಬಿಡಲಿಲ್ಲ. “ಆ ಒಂದು ಕಡೀನೇ ತಪ್ಪು ಬರದಿದ್ರ?”

“ಎಲ್ಲಾ ಡಬ್ಬಿಗೂ ತಪ್ಪೇ ಹೋಗ್ತದರಿ. ಅದಕ್ಕೇ ಆ ತುಣುಕು ಮೊದಲ ಡಾಕ್ಟರ್ ನೋಡ್ಬೇಕು. ಆಮ್ಯಾಲ ಎಣ್ಣಿ ಹೊಡಿಯೋರು ಓದ್ಬೇಕು, ನಿಮ್ಮಂಥವರು.”