ದಿನಾಂಕ ಮೀಮಾಂಸೆ: ಒಂದು ಬಹುಶಿಸ್ತೀಯ ಪೂರ್ವಪೀಠಿಕೆ

ಪ್ರಸ್ತುತ ಪ್ರಬಂಧವು 03/04/25 ಎಂಬ ಪಠ್ಯದ ಅರ್ಥಬಹುತ್ವವನ್ನು ಜಾಗತಿಕ ಪರಿಪ್ರೇಕ್ಷ್ಯದಲ್ಲಿ ನಿರ್ವಚಿಸುವ ವಿನಮ್ರ ಯತ್ನವಾಗಿದೆ. ಈ ಪಠ್ಯಕ್ಕೆ ಮೂರು ಪ್ರಸ್ಥಾನಗಳುಂಟು. ಭಾರತ, ಬ್ರಿಟನ್ನುಗಳ ದಿನಪೂರ್ವವಾದಿಗಳು ಇದನ್ನು 2025ರ ಏಪ್ರಿಲ್ 3 ಎಂದು ಓದುತ್ತಾರೆ. ಅಮೆರಿಕದ ಮಾಸಪೂರ್ವವಾದಿಗಳಿಗೆ ಇದು ಮಾರ್ಚ್ 4. ಜಪಾನ್, ಚೀನಾ, ಹಂಗೇರಿಗಳ ವರ್ಷಪೂರ್ವವಾದಿಗಳಿಗೆ ಇದು 2003ರ ಏಪ್ರಿಲ್ 25 ಎಂದು ಕಂಡರೂ ತಪ್ಪೆನ್ನುವಂತಿಲ್ಲ. ‘ಗುರುವಾರ ಬನ್ನಿ ಸಾರ್’ ಎನ್ನುವ ನಾಲ್ಕನೆಯ, ಕಚೇರೀಯ ಪ್ರಸ್ಥಾನವು ಈ ಪ್ರಬಂಧದ ವ್ಯಾಪ್ತಿಗೆ ಹೊರತು.

ಪರಿಮಾಣಾತ್ಮಕ ನೆಲೆ: ಪ್ರತಿ ತಿಂಗಳ ಮೊದಲ ಹನ್ನೆರಡು ದಿನ ದಿನಪೂರ್ವ-ಮಾಸಪೂರ್ವಗಳ ದ್ವಂದ್ವಕ್ಕೆ ಗುರಿ. 1/1, 2/2 ಮುಂತಾದ ಹನ್ನೆರಡು ಅದ್ವೈತ ದಿನಗಳನ್ನು ಕಳೆದರೆ ವರ್ಷಕ್ಕೆ 132 ದಿನ ಸಂದಿಗ್ಧ. ಹದಿಮೂರನೇ ತಾರೀಕಿಗೆ ಜಗತ್ತಿಗೆ ಜ್ಞಾನೋದಯ. ಒಂದನೇ ತಾರೀಕಿಗೆ ಮತ್ತೆ ಮಾಯೆ.

ಗಣಕೀಯ ಸತ್ತಾಮೀಮಾಂಸೆ: ಕಂಪ್ಯೂಟರು ಫೈಲಿನ ಹೆಸರನ್ನು ಎಡದಿಂದ ಒಂದೊಂದೇ ಅಕ್ಷರ ನೋಡಿ ಸಾಲು ಹಚ್ಚುತ್ತದೆ. ‘ವರದಿ 01-12-2024’ ಮೇಲೆ ಕೂರುತ್ತದೆ, ‘ವರದಿ 02-01-2011’ ಅದರ ಕೆಳಗೆ. ಮೊಮ್ಮಗನಾದ ಮೇಲೆ ಅಜ್ಜ ಹುಟ್ಟಿದ ಹಾಗೆ. ಎಕ್ಸೆಲ್ಲಿನ ತತ್ತ್ವಜ್ಞಾನವಂತೂ ಇನ್ನೂ ಗಹನ. ಇಲ್ಲದ 1900ರ ಫೆಬ್ರವರಿ 29 ಅದರಲ್ಲಿದೆ. ‘ಮಾರ್ಚ್1’, ‘ಸೆಪ್ಟ್1’ ಎಂಬ ವಂಶವಾಹಿಗಳ ಹೆಸರು ಕಂಡರೆ ಅದಕ್ಕೆ ತಾರೀಕೇ ತೋರುತ್ತದೆ. ಕೊನೆಗೆ 2020ರಲ್ಲಿ ವಿಜ್ಞಾನಿಗಳೇ ಸೋತು ‘ಮಾರ್ಚ್‌ಎಫ್1’, ‘ಸೆಪ್ಟಿನ್1’ ಎಂದು ನಾಮಕರಣ ಬದಲಿಸಿದರು. ಮನುಷ್ಯನ ವಂಶವಾಹಿಯೇ ಸಾಫ್ಟ್‌ವೇರಿಗೆ ತಲೆಬಾಗಿತು.

ಮೂರನೆಯ ನೆಲೆ... ಬೇಡ ಬಿಡಿ, ನೆಲೆಗಳು ಸಾಕು.

ಮೈಸೂರಿನ ಲ್ಯಾಬಿನ ಎರಡು ರಕ್ತಪರೀಕ್ಷೆ ವರದಿ ಹಿಡಿದು ನ್ಯೂಜೆರ್ಸಿಯ ಮಗಳ ಮನೆಗೆ ಹೋದ ತಾಯಿಯನ್ನು ನೆನೆಸಿಕೊಳ್ಳಿ. ಒಂದರ ಮೇಲೆ 05/06, ಇನ್ನೊಂದರ ಮೇಲೆ 04/07. ನಮ್ಮ ಲೆಕ್ಕಕ್ಕೆ ಮೊದಲನೆಯದು ಜೂನಿನದು, ಎರಡನೆಯದು ಜುಲೈನದು. ಅಲ್ಲಿನ ಡಾಕ್ಟರ ಕಣ್ಣಿಗೆ ಮೊದಲನೆಯದು ಮೇ, ಎರಡನೆಯದು ಏಪ್ರಿಲ್. ಸಕ್ಕರೆ ಏರಿತೋ ಇಳಿಯಿತೋ? ಇದರಲ್ಲಿ ನಗುವಂಥದ್ದೇನಿದೆ? ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡವಾಗಿ 1988ರಲ್ಲೇ ಪ್ರಕಟಿಸಿದ್ದಾರೆ. ನಮಗಂತೂ ಅದು ಹೊಸತೂ ಅಲ್ಲ. ಎಷ್ಟೋ ಕನ್ನಡ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ ಎಂದು ದೊಡ್ಡದರಿಂದ ಚಿಕ್ಕದಕ್ಕೇ ಇಳಿದಿದ್ದಾರೆ. ಪುರೋಹಿತರ ಸಂಕಲ್ಪವೂ ಇಂದಿಗೂ ಅದೇ ದಾರಿ ಹಿಡಿಯುತ್ತದೆ. ಕಲ್ಲು ಕೆತ್ತುವವನಿಗಿದ್ದ ಈ ವ್ಯವಧಾನ ಕೀಲಿಮಣೆ ಕುಟ್ಟುವವನಿಗಿಲ್ಲ. ವರ್ಷದಲ್ಲಿ ಎರಡಂಕೆ ಉಳಿಸಲು ಹೋಗಿ, ಬರುವ ವರ್ಷವನ್ನು ಕಂಪ್ಯೂಟರು ನೂರು ವರ್ಷ ಹಿಂದಿನದೆಂದುಕೊಂಡೀತು ಎಂಬ ಭಯಕ್ಕೆ 1999ರಲ್ಲಿ ಜಗತ್ತೆಲ್ಲ ಬೆವರಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಅದರಿಂದ ಕೈತುಂಬ ಕೆಲಸ ಸಿಕ್ಕಿತು, ನಿಜ. ಬುದ್ಧಿ ಮಾತ್ರ ಯಾರಿಗೂ ಬರಲಿಲ್ಲ.

ಆದ್ದರಿಂದ ಮಹನೀಯರೇ, ಯಂತ್ರಕ್ಕಾದರೆ 2025-04-03 ಎಂದು ಬರೆಯಿರಿ. ಮನುಷ್ಯರಿಗಾದರೆ ತಿಂಗಳ ಹೆಸರನ್ನು ಅಕ್ಷರದಲ್ಲೇ ಹಾಕಿ. ವರ್ಷಕ್ಕೆ ನಾಲ್ಕೂ ಅಂಕೆ ಇರಲಿ. ಅಂಕೆಗಳಿಗೆ ಇನ್ನೂ ಜಿಎಸ್‌ಟಿ ಬಿದ್ದಿಲ್ಲ.