ಪೃಷ್ಠದೀಪ ಮೀಮಾಂಸೆ

ಶಾಸ್ತ್ರದ ಪದ್ಧತಿಯನ್ನು ತುಸು ಮುರಿದು ಮೊದಲು ಸಂಶಯ: ವ್ಯಾನಿನ ಬ್ರೇಕ್ ಲೈಟು ಉರಿಯುತ್ತಿದೆಯೋ ಇಲ್ಲವೋ? ಒತ್ತುವವನಿಗೆ ಕಾಣದು, ಕಾಣುವವನು ಒತ್ತಲಾರ. ಹೀಗಾಗಿ ಪ್ರತ್ಯಕ್ಷ ಪ್ರಮಾಣ ಆರಂಭದಲ್ಲೇ ಕೈಕೊಡುತ್ತದೆ. ಅನುಮಾನ ಪ್ರಮಾಣಕ್ಕೆ ಹೋಗೋಣವೆಂದರೆ, ಹೊಗೆಯಿದ್ದಲ್ಲಿ ಬೆಂಕಿ ಎನ್ನುವ ನೈಯಾಯಿಕರ ಬೆಟ್ಟ ನವೆಂಬರಿನ ದೆಹಲಿಯಲ್ಲಿ ಕುಸಿದೇ ಬೀಳುತ್ತದೆ. ಇಲ್ಲಿ ಹೊಗೆ ನಮ್ಮ ಮಯೂರ ವಿಹಾರದಲ್ಲಿ, ಬೆಂಕಿ ಪಂಜಾಬಿನ ಗದ್ದೆಯಲ್ಲಿ.

ಇನ್ನು ವಿಷಯ ನಿರೂಪಣೆ. ಪ್ರಸ್ತುತ ವಾಹನ 2012ರ ಓಮ್ನಿ. 1984ರಲ್ಲಿ ಗುಡಗಾಂವಿನ ಕಾರ್ಖಾನೆಯಿಂದ ಮಾರುತಿ ವ್ಯಾನ್ ಎಂಬ ಹೆಸರಲ್ಲಿ ಹೊರಟು, ಆಮೇಲೆ ನಾಮಾಂತರಗೊಂಡು, 2019ರಲ್ಲಿ ಸಂತಾನ ನಿಂತ ವಂಶದ ಕುಡಿ. ಹಿಂದಿನ ಸೀಟು ಕಿತ್ತು, ಪ್ಲೈವುಡ್ ಮಂಚ ಹೊಡೆದು, ಒಳಗೆಲ್ಲ ಆಕಾಶನೀಲಿ ಬಣ್ಣ ಬಳಿದು ಅದನ್ನು ಕ್ಯಾಂಪರ್ ಮಾಡಿದವನು ಸ್ವತಃ ಗ್ರಂಥಕರ್ತ. (ಬಣ್ಣದ ಮಾತು ನೆನಪಿರಲಿ.) ‘ಹಳೆಯದು’ ಎನ್ನುವುದು ನಮ್ಮೂರಲ್ಲಿ ಅಕ್ಕರೆಯ ಮಾತು, ಇಲ್ಲಿ ಕಾನೂನಿನ ಮಾತು. ಡೀಸೆಲ್ ಗಾಡಿಗೆ 10, ಪೆಟ್ರೋಲಿನದಕ್ಕೆ 15 ವರ್ಷ ಎಂಬ ಗಡಿಯನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ದೆಹಲಿಯಲ್ಲಿ ಆರ್‌ಸಿಯೇ ಜಾತಕವಾಯಿತು.

ಪೂರ್ವಪಕ್ಷ: ಹಾರ್ನ್ ಇರುವಾಗ ಬ್ರೇಕ್ ಲೈಟೇಕೆ? ಹಿಂದೆ ಬರುವವನಿಗೆ ಕಣ್ಣಿಲ್ಲವೇ? ಈ ಮತಕ್ಕೆ ರಾಜಧಾನಿಯಲ್ಲಿ ಅನುಯಾಯಿಗಳು ಲೆಕ್ಕವಿಲ್ಲದಷ್ಟು. ಅವರಿಗೆ ಸಮಾಧಾನ ಇಷ್ಟೇ: ಜನವರಿಯ ಮಂಜಿನಲ್ಲಿ ಒಮ್ಮೆ ಯಮುನಾ ಎಕ್ಸ್‌ಪ್ರೆಸ್‌ವೇ ಹತ್ತಿ ಬನ್ನಿ, ಆಮೇಲೆ ವಾದ ಮಾಡೋಣ.

ಪರೀಕ್ಷೆಗೆ ಬೇಕಾದ ಉಪಕರಣ ಪೊರಕೆ. ಅದರ ಹಿಡಿಯನ್ನು ಪೆಡಲಿಗೂ ಸೀಟಿಗೂ ನಡುವೆ ಬಿಗಿಯಾಗಿ ಸಿಕ್ಕಿಸಿದರೆ ಏಕಾಂಗಿಯೂ ಹಿಂದೆ ಹೋಗಿ ನೋಡಬಹುದು. ಗೃಹಸ್ಥನಿಗೆ ಇದರ ಅಗತ್ಯವಿಲ್ಲ ಎಂದು ಭ್ರಮಿಸಿ ನಾನು ಹೆಂಡತಿಯನ್ನು ಹಿಂದೆ ನಿಲ್ಲಿಸಿದೆ.

“ಉರೀತಾ?”

“ಬೀಡಿ ತುದಿಯಷ್ಟು ಕೆಂಪಿದೆ ಕಣ್ರೀ, ಅಷ್ಟೇ.”

“ಎಡಗಡೇದೋ ಬಲಗಡೇದೋ?”

“ಎರಡೂ. ಒಲೆ ಮೇಲೆ ಹಾಲಿಟ್ಟು ಬಂದಿದೀನಿ.”

ಎರಡು ಬಲ್ಬು ಒಂದೇ ಮುಹೂರ್ತದಲ್ಲಿ ಕಣ್ಣುಮುಚ್ಚುವುದು ಅಪರೂಪ. ಇಬ್ಬರಿಗೂ ಸೇರಿದ ಒಂದು ಕಾರಣ ಹುಡುಕಬೇಕು. ಫ್ಯೂಸು ನೋಡಿದೆ, ಸರಿಯಿತ್ತು. ಪೆಡಲಿನ ಬುಡದ ಸ್ವಿಚ್ಚಿನ ಪ್ಲಗ್ಗು ಕಿತ್ತು ಎರಡು ವೈರನ್ನೂ ಹೇರ್‌ಪಿನ್ನಿನಿಂದ ಕೂಡಿಸಿದೆ. ಸ್ವಿಚ್ಚು ಕೆಟ್ಟಿದ್ದರೆ ಆಗ ಲೈಟು ಭಗ್ಗೆನ್ನಬೇಕಿತ್ತು. ಹಿಂದೆ ಅದೇ ಬೀಡಿ. ಆದರೆ ತಲೆಯೆತ್ತಿ ನೋಡಿದರೆ ಮುಂದಿನ ಗೋಡೆಯ ಮೇಲೆ ಮಸುಕಾದ ಬೆಳಕು! ಬ್ರೇಕ್ ಒತ್ತಿದರೆ ಮುಂದಿನ ಪಾರ್ಕಿಂಗ್ ದೀಪ ಉರಿಯುವ ವಾಹನ. ಒತ್ತಿದವನಿಗೇ ಕಾಣುವ ಬ್ರೇಕ್ ಲೈಟು! ಮೇಲಿನ ಸಂಶಯ ಹೀಗೂ ಪರಿಹಾರವಾಗಬಹುದೆಂದು ನಾನು ಎಣಿಸಿರಲಿಲ್ಲ.

ಇನ್ನು ಶಬ್ದ ಪ್ರಮಾಣ, ಅಂದರೆ ಆಪ್ತವಾಕ್ಯ. ಸರ್ವೀಸ್ ರೋಡಿನ ಮರದ ಕೆಳಗೆ ಕೂರುವ ಎಲೆಕ್ಟ್ರೀಷಿಯನ್ ಟೆಸ್ಟ್ ಲ್ಯಾಂಪ್ ಹಿಡಿದು ಅರೆನಿಮಿಷ ತಡವಿ ಹೇಳಿದ: “ಅರ್ಥ್ ನಹೀ ಮಿಲ್ ರಹಾ, ಸರ್.”

ಅರ್ಥ ಸಿಗುತ್ತಿಲ್ಲ! ನಲವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇದಕ್ಕಿಂತ ದೊಡ್ಡ ಮಾತು ಯಾರೂ ಆಡಿರಲಿಲ್ಲ. ಅವನ ‘ಅರ್ಥ್’ ಇಂಗ್ಲಿಷಿನ ಭೂಮಿ, ಗಾಡಿಯ ತಗಡಿಗೆ ಕಟ್ಟುವ ಕರಿ ವೈರು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ತಾಳೆಗರಿಯ ಅರ್ಥಶಾಸ್ತ್ರ ಸಿಕ್ಕಿತು. ಅದೇ ಊರಿನವನಾದ ನನಗೆ ಅರ್ಥ್‌ಶಾಸ್ತ್ರ ಸಿಕ್ಕಿದ್ದು ದೆಹಲಿಯ ಚರಂಡಿಯ ಪಕ್ಕದಲ್ಲಿ.

ಇಲ್ಲಿಂದ ಮುಂದೆ ವಿಷಯ ಸುಲಭ. ಬಲ್ಬಿನ ಬುರುಡೆ ಒಂದೇ, ಒಳಗಿನ ಫಿಲಮೆಂಟು ಎರಡು: ಬ್ರೇಕಿಗೆ 21 ವ್ಯಾಟ್, ಪಾರ್ಕಿಂಗಿಗೆ 5 ವ್ಯಾಟ್. ಮೇಲೆ ದ್ವೈತ, ಬುಡದಲ್ಲಿ ಅರ್ಥ್ ಒಂದೇ ಆದ್ದರಿಂದ ಅದ್ವೈತ. ಆ ಒಂದು ದಾರಿ ಮುಚ್ಚಿದರೆ? ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಅಂದಮೇಲೆ ರಾತ್ರಿ ಉಣ್ಣುತ್ತಾನೆ ಎನ್ನುತ್ತಾರಲ್ಲ ಮೀಮಾಂಸಕರು, ಅದೇ ಅರ್ಥಾಪತ್ತಿ. ಬ್ರೇಕಿನ ಕರೆಂಟೂ ದೇವದತ್ತನೇ. ಮುಂಬಾಗಿಲು ಮುಚ್ಚಿದ್ದಕ್ಕೆ 5 ವ್ಯಾಟಿನ ಫಿಲಮೆಂಟಿನಲ್ಲಿ ನುಸುಳಿ, ಪಾರ್ಕಿಂಗ್ ವೈರು ಹಿಡಿದು ಮುಂದಿನ ದೀಪಗಳವರೆಗೆ ಹೋಗಿ, ಅಲ್ಲಿನ ಅರ್ಥ್‌ನಲ್ಲಿ ಇಳಿಯುತ್ತಿದ್ದ. ಅರ್ಥ್‌ನಿಂದ ಬಂದ ಆಪತ್ತಾದ್ದರಿಂದಲೂ ಇದು ಅರ್ಥಾಪತ್ತಿಯೇ, ವೈಯಾಕರಣರು ಮುನಿಯಬಾರದು.

ಎಲೆಕ್ಟ್ರೀಷಿಯನ್ ಪ್ಲೈವುಡ್ ಸರಿಸಿ ಬೆರಳು ತೋರಿಸಿದ. ಎರಡೂ ಹಿಂದೀಪಗಳ ಕರಿ ವೈರು ಬಂದು ಸೇರುವ ಒಂದು ಸ್ಕ್ರೂ. ಅದನ್ನು ಯಾರೋ ಬಿಚ್ಚಿ, ಕೆಳಗಿನ ತಗಡಿಗೂ ಎರಡು ಕೋಟು ಆಕಾಶನೀಲಿ ಬಳಿದು, ಅಚ್ಚುಕಟ್ಟಾಗಿ ಮತ್ತೆ ಕೂರಿಸಿದ್ದರು. “ಯೇ ಕಿಸ್ನೇ ಕಿಯಾ?” ಎಂದ. ನಾನು ದೂರದ ಮೆಟ್ರೋ ನೋಡಿದೆ. ಅವನು ಮರಳುಕಾಗದ ತಿಕ್ಕಿ ತಗಡು ಬೆಳ್ಳಗಾಗಿಸಿ ಸ್ಕ್ರೂ ಬಿಗಿದ, ಹೆಂಡತಿ ಹಿಂದಿನಿಂದ “ಈಗ ಬಂತು ನೋಡಿ!” ಎಂದಳು. ಅರ್ಥಕ್ಕೆ ದುಡ್ಡು ಎಂಬ ಮೂರನೆಯ ಅರ್ಥವೂ ಇದೆಯಲ್ಲ, ಅವನು ಅದನ್ನೂ ಬಿಡದೆ ಕೇಳಿ ಪಡೆದ.

ಸಂಜೆ ಆಶ್ರಮ್ ಚೌಕ. ಗೃಹಸ್ಥಾಶ್ರಮದಲ್ಲಿ ಹೊಕ್ಕವನು ವಾನಪ್ರಸ್ಥದಲ್ಲಿ ಹೊರಬೀಳುವ ಜಾಗ ಅದು. ಬ್ರೇಕ್ ಒತ್ತಿದೆ. ಹಿಂದಿನ ಟೆಂಪೋದ ಗಾಜಿನ ಮೇಲೆ ಎರಡು ಕೆಂಪು ಚುಕ್ಕಿ ಮೂಡಿದ್ದನ್ನು ಕನ್ನಡಿಯಲ್ಲಿ ಕಣ್ತುಂಬ ನೋಡಿದೆ. ಟೆಂಪೋದವನೂ ಅವನ್ನು ನೋಡಿದ, ಹಾರ್ನ್ ಹೊಡೆದ.